ಕೊಳಾಯಿ ಕಟ್ಟೆಯ ರಾಜಧಾನಿಗಳು

ಪೆರಿಯಮ್ಮನ ಬಲಗಾಲಿನ ಹೆಬ್ಬೆರಳು ಚಪ್ಪಟೆಯಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಕೊಳಾಯಿಯಿಂದ ಬಂದದ್ದು. ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ಕೆಲಸಗಾರರಿಗೆಂದು ಹಿಂದೆ ಕಟ್ಟಿಸಿದ, ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲಿಗೆ ಲೈನ್ ಅನ್ನುತ್ತಾರೆ. ನಮ್ಮ ಲೈನಿಗೆಲ್ಲ ಇದ್ದದ್ದು ಒಂದೇ ಕೊಳಾಯಿ. ನೀರು ಮೇಲೇರುವಷ್ಟು ಜೋರಾಗಿ ಬಾರದ್ದರಿಂದ ಯಾರೋ ಪುಣ್ಯಾತ್ಮರು ನೆಲ ಅಗೆದು, ಗುಂಡಿಯೊಳಗೇ ಪೈಪು ಕತ್ತರಿಸಿ ಬಿಟ್ಟಿದ್ದರು. ತಿರುಗಿಸುವುದಕ್ಕೆ ತಿರುಪು ಅಂತ ಏನೂ ಇರಲಿಲ್ಲ. ಪೆರಿಯಮ್ಮ ಗುಂಡಿಯ ಅಂಚಿನ ಕಲ್ಲಿನ ಮೇಲೆ ಸೀರೆ ಎತ್ತಿಕಟ್ಟಿ ಕೂತು, ಬಲಗಾಲು ಕೆಳಗೆ ಇಳಿಬಿಟ್ಟು, ಹೆಬ್ಬೆರಳನ್ನು ಪೈಪಿನ ಬಾಯಿಗೆ ಒತ್ತಿ ಹಿಡಿಯುತ್ತಿದ್ದಳು. ಬೆರಳು ತೆಗೆದರೆ ನೀರು, ಒತ್ತಿದರೆ ಇಲ್ಲ. ಇಡೀ ಲೈನಿನ ಅಡಿಗೆ, ಸ್ನಾನ, ಸೀಮಂತ, ತಿಥಿ ಎಲ್ಲವೂ ಆ ಬೆರಳಿನ ಕೆಳಗಿತ್ತು.

ಪೆರಿಯಮ್ಮ ಅಂದರೆ ತಮಿಳಿನಲ್ಲಿ ದೊಡ್ಡಮ್ಮ. ಲೈನಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು, ಅವಳಿಗಿಂತ ಹಿರಿಯರೂ. ಗಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೆ ನಾನು ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ಆ ಲೈನಿಗೆ ಸೊಸೆಯಾಗಿ ಬಂದವಳು. ತವರಿನಲ್ಲಿ ಹಸುಗಳಿದ್ದವು, ತೊಟ್ಟಿಯಿತ್ತು, ಬೋರ್‌ವೆಲ್ ಇತ್ತು. ನೀರಿಗೆ ಸಾಲು ನಿಲ್ಲುವುದು ಅಂದರೇನೆಂದು ಗೊತ್ತಿರಲಿಲ್ಲ. ಮೊದಲ ದಿನ ನನ್ನ ಅತ್ತೆ ಕೈಗೆ ಹಸಿರು ಪ್ಲಾಸ್ಟಿಕ್ ಕೊಡ ಕೊಟ್ಟು, "ಓಗಿ ನೀರು ಇಡ್ಕೊಂಡು ಬಾರಮ್ಮ" ಅಂದರು, ಅಷ್ಟೇ. ಕೊಡದ ಕತ್ತಿನ ಮೇಲೆ ಬಿಳಿ ಬಣ್ಣದಲ್ಲಿ ಆಸ್ಟ್ರೇಲಿಯಾ ಎಂದು ಬರೆದಿತ್ತು. ಕೊಡ ಮಾಡಿದ ಕಂಪನಿಯ ಹೆಸರಿರಬೇಕು ಅಂದುಕೊಂಡೆ.

ನನ್ನ ಸರದಿ ಬಂತು. ಗುಂಡಿಗೆ ಇಳಿದು ಕೊಡ ಇಟ್ಟೆ. ಬೆರಳು ಅಲುಗಲಿಲ್ಲ.

"ಸೊಲ್ಲು ಮ್ಮಾ. ಆಸ್ಟ್ರೇಲಿಯಾ ತಲೈನಗರಂ ಏನು?"

ನಾನು ಕಣ್ಣು ಕಣ್ಣು ಬಿಟ್ಟೆ. ಹಿಂದೆ ನಿಂತಿದ್ದವಳು ಬೆನ್ನಿಗೆ ತಿವಿದು, "ರಾಜಧಾನಿ ಕೇಳ್ತಾ ಅವ್ರೆ, ಏಳಕ್ಕ" ಅಂದಳು. ನೀರಿಗೂ ರಾಜಧಾನಿಗೂ ಏನು ಸಂಬಂಧ ಅಂತ ತಿಳಿಯಲಿಲ್ಲ. ಆದರೂ ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಅಣ್ಣನ ಜೊತೆ ಕೂತು ಕ್ರಿಕೆಟ್ ನೋಡಿದವಳು. ಧೈರ್ಯವಾಗಿ "ಸಿಡ್ನಿ" ಅಂದೆ. ಸಾಲಿಗೆ ಸಾಲೇ ನಕ್ಕಿತು. ಪೆರಿಯಮ್ಮ ಮಾತ್ರ ನಗಲಿಲ್ಲ.

"ಅದು ಆಟ ಆಡೋ ಊರು ಮ್ಮಾ. ಓಗು, ಕಡೇಲಿ ಓಗಿ ನಿಲ್ಲು."

ಕಡೆಯಿಂದ ಮತ್ತೆ ಮುಂದೆ ಬರುವಷ್ಟರಲ್ಲಿ ನೀರು ನಿಂತುಹೋಯಿತು. ಹೊಸ ಸೊಸೆ ಖಾಲಿ ಕೊಡ ಹೊತ್ತು, ಮೂಗು ಒರೆಸಿಕೊಳ್ಳುತ್ತ ಮನೆಗೆ ಬಂದದ್ದನ್ನು ಇಡೀ ಲೈನು ನೋಡಿತು. ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ, ಕ್ಯಾನ್‌ಬೆರಾ ಅನ್ಬೇಕಿತ್ತು ಕಣಮ್ಮ. ಅದು ಎಲ್ರಿಗೂ ಗೊತ್ತಲ್ಲ" ಅಂದರು. ನಿಜ ಹೇಳಬೇಕೆಂದರೆ ಅತ್ತೆಗೆ ಪ್ರಪಂಚದಲ್ಲಿ ಗೊತ್ತಿದ್ದ ರಾಜಧಾನಿ ಅದೊಂದೇ.

ಈ ವಿಚಿತ್ರ ಕಾನೂನನ್ನು ತಂದವನು ಪೆರಿಯಮ್ಮನ ಅಪ್ಪ. ಅವನು ರಂಗೂನಿನಲ್ಲಿ ಹುಟ್ಟಿದವನು. ಯುದ್ಧದ ಕಾಲದಲ್ಲಿ ಅಲ್ಲಿಂದ ಕಾಡುಮೇಡು ದಾಟಿ ನಡೆದು ಬಂದ ಎಷ್ಟೋ ಸಂಸಾರಗಳಲ್ಲಿ ಅವನ ಹೆತ್ತವರದೂ ಒಂದು. ಕೊನೆಗೆ ಚಾಂಪಿಯನ್‌ನಲ್ಲಿ ಅವನಿಗೆ ನೆಲದಡಿಯ ಕೆಲಸ ಸಿಕ್ಕಿತು. ಆ ಕಾಲದಲ್ಲೂ ಲೈನಿನವರ ಕೊಡಗಳೆಲ್ಲ ಆಂಡರ್ಸನ್‌ಪೇಟೆಯ ಒಂದೇ ಅಂಗಡಿಯವು, ಒಂದೇ ಅಳತೆಯವು. ನಿನ್ನದು ನನ್ನದು ಅಂತ ದಿನವೂ ಜುಟ್ಟು ಜುಟ್ಟು ಹಿಡಿಯುವಷ್ಟು ಜಗಳ. ಕೊಡದ ಮೇಲೆ ಹೆಸರು ಬರೆಯೋಣವೆಂದರೆ ಹೆಸರಿನ ಹಿಂದೆಯೇ ಜಾತಿ ಬರುತ್ತದೆ, ಜಾತಿ ಬಂದರೆ ಸಾಲು ಎರಡಾಗುತ್ತದೆ. ಅವನು ಚಿಕ್ಕವನಿದ್ದಾಗ ರಂಗೂನಿನ ಬಂದರಿನಲ್ಲಿ ದೇಶದೇಶದ ಹಡಗು ನೋಡಿದ್ದವನು. ಗಣಿಯಲ್ಲಿ ಬಳಿದು ಉಳಿದ ಬಿಳಿ ಬಣ್ಣ ತಂದು ಒಂದೊಂದು ಕೊಡಕ್ಕೆ ಒಂದೊಂದು ದೇಶದ ಹೆಸರು ಬರೆದುಬಿಟ್ಟ. ಇಬ್ಬರು ಒಂದೇ ಕೊಡಕ್ಕೆ ಜಗಳವಾಡಿದರೆ, ಆ ದೇಶದ ರಾಜಧಾನಿ ಹೇಳಿದವಳದ್ದೇ ಕೊಡ. ಓದು ಬಾರದವರಿಗೂ ಒಂದು ಊರಿನ ಹೆಸರು ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ. ಜಗಳ ನಿಂತಿತು. ಕೊಡ ಒಡೆದು ಹೊಸದು ತಂದರೂ ದೇಶ ಬದಲಾಗುತ್ತಿರಲಿಲ್ಲ. ಸೊಸೆಯರು ಬಂದರೆ ಅತ್ತೆಯ ದೇಶ ಸೊಸೆಗೆ.

ಅಪ್ಪನ ನಂತರ ಕಲ್ಲಿನ ಮೇಲೆ ಕೂತ ಮಗಳು ಜಗಳವಿಲ್ಲದಿದ್ದರೂ ಪ್ರತಿ ಕೊಡಕ್ಕೂ ರಾಜಧಾನಿ ಕೇಳತೊಡಗಿದಳು. ಅವಳಿಗೆ ನಮ್ಮ ನಮ್ಮ ಕೊಡದ ರಾಜಧಾನಿ ಕೇಳಿ ಕೇಳಿ ಬೇಸರವಾಯಿತು. ಮೊದಲ ಕೊಡಕ್ಕೆ ಸ್ವಂತ ದೇಶ, ಎರಡನೆಯ ಕೊಡಕ್ಕೆ ಅವಳು ಕೇಳಿದ ದೇಶ ಅಂತ ಕಾನೂನು ತಿದ್ದಿದಳು. ಸಾಲಿನಲ್ಲಿ ನಿಂತವರೆಲ್ಲ ಮುಂದಿನವರ ಉತ್ತರಕ್ಕೆ ಕಿವಿಯಾಗಿ ಕಲಿತರು. ಮಂಗೋಲಿಯಾ, ಟರ್ಕಿ, ಭೂತಾನ್. ಬುರ್ಕಿನಾ ಫಾಸೋ ಕೇಳಿದ ದಿನವಂತೂ ಊಗಡೂಗು ಅಂತ ಹೇಳಿ ಹೇಳಿ ನಕ್ಕು ಅರ್ಧ ನೀರು ಗುಂಡಿಗೇ ಚೆಲ್ಲಿದ್ದೆವು. ಈಚಿನ ಹುಡುಗಿಯರು ಸಾಲಿನಲ್ಲಿ ಫೋನ್ ತೆಗೆದು ಹುಡುಕಲು ನೋಡಿದರೆ, "ಫೋನ್ ಒಳಗೆ ಇಡು ಮ್ಮಾ. ನೀರು ಅದು ಕುಡಿಯುತ್ತಾ?" ಅನ್ನುತ್ತಿದ್ದಳು. ಯಾರದೋ ದೇಶದಲ್ಲಿ ರಾಜಧಾನಿಯ ಹೆಸರು ಬದಲಾಯಿಸಿ, ಮತ್ತೆ ಹಳೆಯ ಹೆಸರನ್ನೇ ಇಟ್ಟರು ಅಂತ ಗೊತ್ತಾದಾಗ, "ಅವರ ಮನೇಲೂ ಅತ್ತೆ ಸೊಸೆ ಜಗಳಾನಾ?" ಅಂತ ಕೇಳಿದಳು.

ನಮ್ಮನ್ನು ಅವಳು ಹೆಸರು ಹಿಡಿದು ಕರೆದದ್ದೇ ಇಲ್ಲ. ನಾನು ಆಸ್ಟ್ರೇಲಿಯಾ. ಪಕ್ಕದ ಮನೆಯವಳು ಕೀನ್ಯಾ. ಕೀನ್ಯಾ ಗಾರೆ ಕೆಲಸಕ್ಕೆ ಹೋಗುವವಳು. ನೀರು ಯಾವ ದಿನ ಯಾವ ಹೊತ್ತಿಗೆ ಬರುತ್ತದೆಂದು ದೇವರಿಗೂ ಗೊತ್ತಿರುತ್ತಿರಲಿಲ್ಲ, ಬಂದ ದಿನ ಅವಳ ಕೂಲಿ ಹೋಯಿತೆಂದೇ ಲೆಕ್ಕ. ಬೆಳಿಗ್ಗೆ ಮೇಸ್ತ್ರಿ ಕಾದು ಹೋಗಿಬಿಡುತ್ತಿದ್ದ, ಇವಳು ಕೊಡದ ಪಕ್ಕ ಕೂತು ಅವನ ವಂಶವನ್ನೆಲ್ಲ ಬೈಯುತ್ತಿದ್ದಳು.

ಪೆರಿಯಮ್ಮನ ಸ್ವಂತ ಕೊಡ ಬರ್ಮಾ. ಅದರ ರಾಜಧಾನಿ ರಂಗೂನ್. ಈ ವಿಷಯದಲ್ಲಿ ಮಾತ್ರ ಅವಳ ಮುಂದೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಆ ದೇಶದ ಸರ್ಕಾರ ರಾಜಧಾನಿಯನ್ನು ನೇಪಿಡಾ ಅನ್ನುವ ಹೊಸ ಊರಿಗೆ ಎತ್ತಿಕೊಂಡು ಹೋಗಿದೆ ಎಂದು ಒಮ್ಮೆ ನಾನೇ ಹೇಳಿದೆ. ಬೆರಳು ಪೈಪಿಗೆ ಇನ್ನಷ್ಟು ಬಿಗಿಯಾಯಿತು.

"ನಮ್ಮಪ್ಪ ಉಟ್ಟಿದ್ದು ಎಲ್ಲಿ?"

"ರಂಗೂನಲ್ಲಿ."

"ಅಲ್ಲಿ ಗೋಪುರದ ಮೇಲೆಲ್ಲಾ ಬಂಗಾರ, ಗೊತ್ತಾ? ಅಂಥಾ ಬಂಗಾರ ಬಿಟ್ಟು ಬಂದು ಇಲ್ಲಿ ನೆಲದ ಕೆಳಗಡೆ ಬಂಗಾರ ಅಗೆದ ನಮ್ಮಪ್ಪ. ಇಲ್ಲೂ ಗಣಿ ಮುಚ್ಚಿ ಎಲ್ರೂ ಎದ್ದು ಓದ್ರು. ಓದ್ರೂಂತ ಚಾಂಪಿಯನ್ನು ಚಾಂಪಿಯನ್ ಅಲ್ವಾ? ಆಫೀಸು ಎತ್ಕೊಂಡು ಓದ್ರೆ ಊರು ಸತ್ತೋಗುತ್ತಾ?"

 ಆ ದಿನ ನನ್ನ ಎರಡನೆಯ ಕೊಡ ತುಂಬಲೂ ಇಲ್ಲ. ಅವತ್ತು ಸಿಟ್ಟು ಬಂದಿತ್ತು, ಇವಳೇನು ನೀರಿನ ಮಹಾರಾಣಿಯೇ ಅಂತ. ಮನೆಗೆ ಬಂದು ಗಂಡನ ಮೇಲೆ ರೇಗಿದೆ. ಪಾಪ, ಅವನಿಗೆ ಬರ್ಮಾ ಎಲ್ಲಿದೆಯೆಂದೂ ಗೊತ್ತಿರಲಿಲ್ಲ.

ಹೀಗಿರುವಾಗ ಕೀನ್ಯಾ ಬಂಗಾರಪೇಟೆಯಲ್ಲಿ ಗಾರೆ ಕೆಲಸ ಮುಗಿಸಿ ಬರುತ್ತ ಸುದ್ದಿ ತಂದಳು. ಮಹಿಳಾ ದಿನಕ್ಕೆ ಕಲ್ಯಾಣ ಮಂಟಪದಲ್ಲಿ ಹೆಂಗಸರ ಗುಂಪುಗಳಿಗೆ ಸ್ಪರ್ಧೆಯಂತೆ, ದೇಶಗಳ ರಾಜಧಾನಿ ಹೇಳುವುದಂತೆ. ಹಾರ್ಡ್‌ವೇರ್ ಅಂಗಡಿಯವರೊಬ್ಬರು ಬಹುಮಾನ ಕೊಡುತ್ತಾರಂತೆ. ಆಳೆತ್ತರಕ್ಕಿಂತ ದೊಡ್ಡ ನೀರಿನ ಟ್ಯಾಂಕು. ಗೆದ್ದವರ ಬೀದಿಗೆ ತಂದು, ಕಟ್ಟೆ ಕಟ್ಟಿ, ಪೈಪು ಜೋಡಿಸಿ, ನಲ್ಲಿ ಹಾಕಿ ಕೊಡುವುದೂ ಅವರದೇ.

"ಟ್ಯಾಂಕಿದ್ರೆ ನೀರು ಬಂದಾಗ ಅದೇ ತುಂಬ್ಕೊಳ್ತದೆ. ನಾವು ಕೆಲ್ಸ ಮುಗಿಸ್ಕೊಂಡು ಬಂದು ಇಡ್ಕೊಳ್ಬೋದು" ಅಂದಳು ಕೀನ್ಯಾ.  ಲೈನಿನಲ್ಲಿ ಕೂಲಿಗೆ ಹೋಗುವ ಪ್ರತಿಯೊಬ್ಬಳ ಮಾತೂ ಅದೇ ಆಗಿತ್ತು.

ಪೆರಿಯಮ್ಮ ಮೊದಲು ಒಪ್ಪಲಿಲ್ಲ. "ನಾನು ಕೇಳೋಳು ಮ್ಮಾ. ಏಳೋಳಲ್ಲ. ನನ್ನ ಇದುವರೆಗೂ ಯಾರೂ ಕೇಳಿಲ್ಲ" ಅಂದಳು. ಕೀನ್ಯಾ ಅವಳ ಪಾದದ ಹತ್ತಿರ ಕೂತು ಆ ಚಪ್ಪಟೆ ಬೆರಳನ್ನು ಹಿಡಿದುಕೊಂಡಳು. ಟ್ಯಾಂಕು ಬಂದರೆ ಈ ಬೆರಳಿಗೆ ಕೆಲಸವಿಲ್ಲ, ಕಲ್ಲಿಗೂ ಕೆಲಸವಿಲ್ಲ ಅನ್ನುವುದು ಪೆರಿಯಮ್ಮನಿಗೆ ಹೊಳೆಯದೆ ಇರಲಿಲ್ಲ. ಬಹಳ ಹೊತ್ತು ಪೈಪನ್ನೇ ನೋಡಿ, "ಸರಿ, ಇದಕ್ಕೂ ವಯಸ್ಸಾಯ್ತು" ಅಂದಳು.

ಹೊರಟವರು ನಾವು ಮೂವರು. ಪೆರಿಯಮ್ಮ ನಾಯಕಿ, ನಾನು, ಕೀನ್ಯಾ. ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗಿನಿಂದ ನಾನೂ ಕೀನ್ಯಾಳೂ ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಕೋರಮಂಡಲ್ ದಾಟಿದ ಮೇಲೆ ಕೀನ್ಯಾ ಧೈರ್ಯ ಮಾಡಿ, "ಪೆರಿಯಮ್ಮ, ಒಂದ್ವೇಳೆ ಅಲ್ಲಿ ಬರ್ಮಾ ಕೇಳಿದ್ರೆ..." ಅಂದಳು.

"ಕೇಳಲ್ಲ."

"ಕೇಳಿದ್ರೆ?"

"ಕೇಳಿದ್ರೆ ನಂಗೆ ಏನು ಗೊತ್ತೋ ಅದು ಏಳ್ತೀನಿ" ಅಂತ ಕಿಟಕಿ ಕಡೆ ತಿರುಗಿಕೊಂಡಳು. ನಾನು ಮನಸ್ಸಿನಲ್ಲೇ ಎಲ್ಲ ದೇವರಿಗೂ ಕೈಮುಗಿದೆ. ಇಷ್ಟೊಂದು ದೇಶಗಳಿವೆ, ಅದೊಂದನ್ನು ಬಿಟ್ಟುಬಿಡಪ್ಪ ಅಂತ.

ಮಂಟಪದ ವೇದಿಕೆಯ ಮೂಲೆಯಲ್ಲಿ ಬಹುಮಾನದ ಕಪ್ಪು ಟ್ಯಾಂಕಿಗೆ ಚೆಂಡುಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ಕೀನ್ಯಾ ಹೋಗಿ ಅದನ್ನು ಬೆರಳಿನಿಂದ ತಟ್ಟಿ ನೋಡಿ ಬಂದಳು. ಪ್ರಶ್ನೆ ಕೇಳುವವರು ನಿವೃತ್ತ ಮೇಷ್ಟ್ರು, ಗಂಭೀರ ಮನುಷ್ಯ. ಒಂದೊಂದೇ ಗುಂಪು ಕಳಚಿಕೊಳ್ಳುತ್ತ ಹೋಯಿತು. ನಾನು ಬಾಯಿ ಬಿಟ್ಟರೆ ಉತ್ತರ ತಾನಾಗಿ ಬರುತ್ತಿತ್ತು. ಮೈಕು, ಜನ, ದೀಪ ಯಾವುದೂ ಹೆದರಿಸಲಿಲ್ಲ. ನೀರು ನಿಲ್ಲುವ ಮೊದಲು ಉತ್ತರ ಹೇಳಿ ರೂಢಿಯಾದವಳಿಗೆ ಮೇಷ್ಟ್ರು ಕೊಟ್ಟ ಸಮಯ ಧಾರಾಳವಾಗಿತ್ತು. ಕೀನ್ಯಾ ಅಂತೂ ಕೆನಡಾದ ರಾಜಧಾನಿಯನ್ನು ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಹೇಳಿ, ಪೂರ್ತಿ ಕೇಳಿಸಿಕೊಳ್ಳಬೇಕು ಅಂತ ಬೈಸಿಕೊಂಡಳು.

ಕೊನೆಗೆ ಉಳಿದದ್ದು ಎರಡು ಗುಂಪು. ಎದುರು ಕೂತಿದ್ದವರು ನನ್ನ ತವರಿನ ಹಾಲಿನ ಡೈರಿಯ ಹೆಂಗಸರು, ಅವರ ನಾಯಕಿ ನನ್ನ ಸ್ವಂತ ಅತ್ತಿಗೆ. ನನ್ನನ್ನು ನೋಡಿ, "ಏನಮ್ಮಾ, ತವರಿನ ಮೇಲೇ ದಂಡೆತ್ಕೊಂಡು ಬಂದಿದ್ದೀಯಾ?" ಅಂತ ನಕ್ಕಳು. ಅತ್ತಿಗೆ ಚುರುಕು. ಎಷ್ಟು ಕೇಳಿದರೂ ಇಬ್ಬರೂ ಸಮ. ಕೊನೆಗೆ ಮೇಷ್ಟ್ರು ಒಂದು ನಿಯಮ ಹೇಳಿದರು: ಇನ್ನು ನಾಯಕಿಯರು ಮಾತ್ರ ಉತ್ತರಿಸಬೇಕು, ಪಕ್ಕದವರನ್ನು ಕೇಳುವಂತಿಲ್ಲ, ಒಬ್ಬರು ತಪ್ಪಿ ಇನ್ನೊಬ್ಬರು ಸರಿ ಹೇಳಿದರೆ ಅಲ್ಲಿಗೆ ಮುಗಿಯಿತು.

ಅತ್ತಿಗೆಗೆ ಟಾಂಜಾನಿಯಾ ಬಂತು. ಅವಳು ದಾರ್ ಎಸ್ ಸಲಾಮ್ ಅಂದಳು. ಅದು ಹಳೆಯದು, ಈಗ ಡೊಡೊಮಾ. ಮೇಷ್ಟ್ರು ತಲೆಯಾಡಿಸಿದಾಗ ಕೀನ್ಯಾ ನನ್ನ ಕೈಯನ್ನು ಮೂಳೆ ಮುರಿಯುವ ಹಾಗೆ ಹಿಡಿದಳು. ಮೇಷ್ಟ್ರು ನಮ್ಮ ಕಡೆ ತಿರುಗಿ, ಕೈಲಿದ್ದ ಚೀಟಿ ನೋಡಿ, "ಮ್ಯಾನ್ಮಾರ್" ಅಂದರು.



ಪೆರಿಯಮ್ಮ ಮುಂದೆ ಬಾಗಿ, "ಯಾವುದು ಸಾರ್? ಬರ್ಮಾನಾ?" ಅಂತ ಕೇಳಿದಳು.

"ಹೌದಮ್ಮ. ಮೊದಲು ಬರ್ಮಾ ಅನ್ನುತ್ತಿದ್ದರು. ಈಗಿನ ರಾಜಧಾನಿ ಹೇಳಬೇಕು."

ನಾನು ಅವಳ ಮುಖ ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ. ತಲೆ ತಗ್ಗಿಸಿದೆ. ಮೇಜಿನ ಕೆಳಗೆ ಅವಳ ಬರಿಗಾಲು ಕಾಣಿಸಿತು. ಬಲಗಾಲಿನ ಹೆಬ್ಬೆರಳು ವೇದಿಕೆಯ ಜಮಖಾನೆಯನ್ನು ಬಲವಾಗಿ ಒತ್ತಿ ಹಿಡಿದಿತ್ತು, ಪೈಪಿನ ಬಾಯಿಯನ್ನು ಹಿಡಿಯುವ ಹಾಗೆಯೇ. ಉಗುರು ಬೆಳ್ಳಗಾಗಿತ್ತು. ಮೇಷ್ಟ್ರು ಗಡಿಯಾರ ನೋಡಿದರು. ಕೀನ್ಯಾ ಟ್ಯಾಂಕನ್ನೇ ನೋಡುತ್ತಿದ್ದಳು. ಆ ಬೆರಳು ನಿಧಾನವಾಗಿ ಮೇಲೆದ್ದಿತು.

"ನೇಪಿಡಾ" ಅಂದಳು ಪೆರಿಯಮ್ಮ.

ಮೇಷ್ಟ್ರು ಸರಿ ಅಂದದ್ದು ನನಗೆ ಕೇಳಿಸಲೇ ಇಲ್ಲ. ಕೀನ್ಯಾ ಕುರ್ಚಿ ಬೀಳಿಸಿಕೊಂಡು ಎದ್ದಿದ್ದಳು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ. ಚಪ್ಪಾಳೆಯ ನಡುವೆ ಪೆರಿಯಮ್ಮ ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು.

"ಸಾರ್, ಇದು ಅಲ್ಲಿನ ಸರ್ಕಾರದ ಉತ್ತರ. ನಮ್ಮಪ್ಪನ ಉತ್ತರ ಬೇರೆ ಐತೆ. ನೀರಿಗೋಸ್ಕರ ಏಳ್ದೆ."

ಮಂಟಪಕ್ಕೆ ಅದು ಅರ್ಥವಾಗಲಿಲ್ಲ, ಆದರೂ ಜೋರಾಗಿ ಚಪ್ಪಾಳೆ ಹೊಡೆದರು. ಅತ್ತಿಗೆ ಬಂದು ಅವಳ ಕಾಲಿಗೆ ನಮಸ್ಕಾರ ಮಾಡಿದಳು. ಮಾಡಿ ಎದ್ದವಳು ನನ್ನ ಕಿವಿಯಲ್ಲಿ, "ಈ ಯಮ್ಮನ ಕಾಲ್ಬೆರಳು ಯಾಕಂಗೈತೆ?" ಅಂತ ಕೇಳಿದಳು. ದಾರಿಯಲ್ಲಿ ಹೇಳುವ ಕತೆಯಲ್ಲ, ಒಂದು ದಿನ ಕೊಡ ತಗೊಂಡು ಬಾ ಅಂದೆ.

ಸಂಜೆಯ ರೈಲಿನಲ್ಲಿ ಪೆರಿಯಮ್ಮ ಕಿಟಕಿ ಪಕ್ಕ ಕೂತಳು. ನಾನೇ ಕೇಳಿದೆ, "ನಿಂಗೆ ನೇಪಿಡಾ ಗೊತ್ತಿತ್ತಾ ಪೆರಿಯಮ್ಮ?"

"ಗೊತ್ತಿಲ್ದೆ ಏನು? ನೀನು ಏಳಿದ್ದಲ್ವಾ? ಅವತ್ತಿಂದ ಗೊತ್ತು." ಹೊರಗೆ ನೋಡುತ್ತ, "ಅಪ್ಪ ಇದ್ದಿದ್ರೆ ಏನನ್ನೋರೋ" ಅಂದಳು. ಅಷ್ಟು ದೊಡ್ಡ ಹೆಂಗಸಿನ ಮುಖ ಮಗುವಿನ ಮುಖದ ಹಾಗಾಗಿತ್ತು.  ಕೀನ್ಯಾ ಅವಳ ಕಡೆ ಬಾಗಿದಳು.

"ಅವ್ರು ಕೊಡಕ್ಕೆ ದೇಶ ಬರ್ದಿದ್ದೂ ಎಲ್ರಿಗೂ ನೀರು ಸಿಗ್ಲಿ ಅಂತಾನೇ ಅಲ್ವಾ ಪೆರಿಯಮ್ಮ? ನೀನೂ ಅದಕ್ಕೇ ಏಳ್ದೆ."

ಪೆರಿಯಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಎದುರು ಸೀಟಿನಲ್ಲಿ ಕೂತಿದ್ದ ಅಪರಿಚಿತನನ್ನು, "ಏನಪ್ಪಾ, ಸ್ವಿಟ್ಜರ್‌ಲ್ಯಾಂಡ್ ತಲೈನಗರಂ ಸೊಲ್ಲು" ಅಂತ ಹಿಡಿದುಕೊಂಡಳು. ಅವನು ಜ್ಯೂರಿಕ್ ಅಂದ. ಚಾಂಪಿಯನ್ ಬರುವವರೆಗೂ ಅವನಿಗೆ ಬಿಡುಗಡೆ ಸಿಗಲಿಲ್ಲ.

ಲೈನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿತ್ತು. ನಾವು ಸ್ಟೇಷನ್ ದಾಟಿ ತಿರುವಿಗೆ ಬರುವಷ್ಟರಲ್ಲಿ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು, ಅದರ ತಳಕ್ಕೆ ಬಡಿಯುತ್ತ ಎದುರು ಬಂದರು. ಪೆರು, ಈಜಿಪ್ಟ್, ಜಪಾನ್, ನೇಪಾಳ, ಎಲ್ಲ ದೇಶಗಳೂ ಬಡಿದುಕೊಳ್ಳುತ್ತಿದ್ದವು. ನಡೆಯಲಾರದ ನನ್ನ ಅತ್ತೆ ಹೊಸ್ತಿಲಲ್ಲಿ ಕೂತು ಸ್ಟೀಲ್ ತಟ್ಟೆ ಬಡಿಯುತ್ತಿದ್ದರು. ನನ್ನನ್ನು ಕರೆದು, "ಕ್ಯಾನ್‌ಬೆರಾ ಕೇಳಿದ್ರಾ?" ಅಂದರು. ಕೇಳಿದರು ಅಂದೆ. ಕೇಳಿರಲಿಲ್ಲ. ಅತ್ತೆಯ ಮುಖದಲ್ಲಿ ಆ ದಿನ ಕಂಡ ಹೆಮ್ಮೆಗಾಗಿ ನಾನು ಇನ್ನೊಮ್ಮೆಯೂ ಹಾಗೇ ಹೇಳುತ್ತೇನೆ.

ಟ್ಯಾಂಕು ಬಂತು, ಕಟ್ಟೆಯ ಮೇಲೆ ಕೂತಿತು, ನಲ್ಲಿಯೂ ಬಂತು. ಕೀನ್ಯಾಳ ಕೂಲಿ ತಪ್ಪುವುದು ನಿಂತಿತು, ಮೇಸ್ತ್ರಿಯ ವಂಶಕ್ಕೂ ನೆಮ್ಮದಿಯಾಯಿತು. ಗುಂಡಿ ಮುಚ್ಚಿದರು. ಕಲ್ಲನ್ನು ಮಾತ್ರ ಪೆರಿಯಮ್ಮ ಟ್ಯಾಂಕಿನ ಪಕ್ಕಕ್ಕೆ ಉರುಳಿಸಿ ತರಿಸಿಕೊಂಡಳು. ನಲ್ಲಿಯ ಮೇಲೆ ಕೈಯಿಟ್ಟು, "ಈಗ ಕೈ. ಪ್ರಶ್ನೆ ಅದೇ" ಅಂದಳು. ಯಾರೂ ಜಗಳ ತೆಗೆಯಲಿಲ್ಲ. ಸಂಜೆ ಕೆಲಸದಿಂದ ಬಂದು, ನೀರಿಗೆ ಅವಸರವೇನೂ ಇಲ್ಲದೆ, ಒಂದು ಕೊಡಕ್ಕೆ ಹತ್ತಾರು ದೇಶ ಕೇಳಿಸಿಕೊಂಡು ನಗುತ್ತ ನಿಲ್ಲುತ್ತಿದ್ದೆವು.

ಹೋದ ಬೇಸಿಗೆಯಲ್ಲಿ ಪೆರಿಯಮ್ಮ ಹೋದಳು. ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ನೆಲದ ಮೇಲೆ ಮಲಗಿಸಿದಾಗ ಬಿಳಿ ಬಟ್ಟೆಯ ಹೊರಗೆ ಆ ಬೆರಳು ಕಾಣುತ್ತಿತ್ತು. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅದನ್ನು ಮುಟ್ಟಿ ಹೋದರು. ಖಾಲಿ ಕೊಡ ಹೊತ್ತು ಅಳುತ್ತ ಮನೆಗೆ ಬಂದ ಹಳ್ಳಿ ಹುಡುಗಿಯನ್ನು ಮೈಕಿನ ಮುಂದೆ ನಿಲ್ಲಿಸಿದ್ದು ಅವಳು. ಈಗ ನಾನು ನಗರಸಭೆಗೆ ಹೋಗಿ ನೀರು ಯಾಕೆ ಬಂದಿಲ್ಲ ಅಂತ ಗಟ್ಟಿಯಾಗಿ ಕೇಳುತ್ತೇನೆ, ಉತ್ತರ ಸಿಗದೆ ಎದ್ದು ಬರುವುದಿಲ್ಲ. ಅದು ಅವಳು ಕೊಟ್ಟದ್ದು.

ಕಲ್ಲಿನ ಮೇಲೆ ಈಗ ನಾನು ಕೂರುತ್ತೇನೆ. ಬರ್ಮಾ ಕೊಡವನ್ನು ಯಾರೂ ಮುಟ್ಟದೆ ಬಿಟ್ಟಿದ್ದರು. ಮೊನ್ನೆ ಕೀನ್ಯಾಳ ಮನೆಗೆ ಕಿರಿಯ ಸೊಸೆ ಬಂದಳು, ಹಿರಿಯ ಸೊಸೆಗೆ ಆಗಲೇ ಕೀನ್ಯಾ ಕೊಡ ಹೋಗಿತ್ತು. ಎಲ್ಲರೂ ಮಾತಾಡಿಕೊಂಡು ಬರ್ಮಾ ಕೊಡವನ್ನು ಈ ಹುಡುಗಿಗೆ ಕೊಟ್ಟೆವು. ಡಿಗ್ರಿ ಓದಿದವಳು. ಮೊದಲ ದಿನವೇ ಕೊಡ ಇಟ್ಟು, ನಾನು ಕೇಳುವ ಮೊದಲೇ, "ನೇಪಿಡಾ, ಅಕ್ಕ" ಅಂದಳು.

"ಸರಿ ಮ್ಮಾ. ಇನ್ನೊಂದು ಏಳು."

"ಇನ್ನೊಂದಾ? ಒಂದು ದೇಶಕ್ಕೆ ಒಂದೇ ಅಲ್ವಾ ಅಕ್ಕ?"

"ಈ ಕೊಡಕ್ಕೆ ಎರಡು."

ಹುಡುಗಿ ಹಿಂದೆ ತಿರುಗಿ ಅತ್ತೆಯ ಮುಖ ನೋಡಿದಳು. ಕೀನ್ಯಾ ಹೇಳಿಕೊಡಲಿಲ್ಲ, ಸಾಲಿನಲ್ಲಿದ್ದ ಯಾರೂ ಹೇಳಿಕೊಡಲಿಲ್ಲ. ಅವಳು ಸ್ವಲ್ಪ ಯೋಚಿಸಿ, ಅನುಮಾನದಿಂದ, "ರಂಗೂನ್?" ಅಂದಳು.

ನಾನು ನಲ್ಲಿ ಪೂರ್ತಿ ತಿರುಗಿಸಿದೆ.